ಒಪ್ಪಿಗೆಯ ರುಜುವಿಗೆ ಎರಡನೆಯ ಕಣ್ಣು

ಮುಕ್ತ ತಂತ್ರಾಂಶದ ಆಕರವನ್ನು ಯಾರೂ ಓದಬಹುದು, ತಿದ್ದುಪಡಿ ಸೂಚಿಸಬಹುದು. ಅದನ್ನು ಒಪ್ಪುವ ಅಧಿಕಾರ ಮಾತ್ರ ಕೆಲವರದು. ಲಿನಕ್ಸ್ ಕರ್ನೆಲ್‌ನಲ್ಲಿ 2004ರಿಂದ ಬರೆದವರು ರುಜು ಹಾಕುತ್ತಾರೆ. ಆಯಾ ವಿಭಾಗದ ಉಸ್ತುವಾರಿಗಳು ಪರಿಶೀಲಿಸಿ ತಮ್ಮ ರುಜುವನ್ನೂ ಸೇರಿಸುತ್ತಾರೆ.

ಈ ಶಿಸ್ತು ಎಲ್ಲೆಡೆ ಇಲ್ಲವೆಂಬುದು 2024ರ ಮಾರ್ಚ್‌ನಲ್ಲಿ ಬಯಲಾಯಿತು. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ತಂತ್ರಾಂಶವನ್ನು ಬಹುತೇಕ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಳ್ಳುತ್ತಿದ್ದರು. ‘ಜಿಯಾ ಟಾನ್’ ಹೆಸರಿನಲ್ಲಿ ಬಂದ ವ್ಯಕ್ತಿ ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದು ನಂಬಿಕೆ ಗಳಿಸಿ, ಒಪ್ಪಿಗೆಯ ಅಧಿಕಾರವನ್ನೂ ಪಡೆದು, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲನ್ನು ಅಡಗಿಸಿಟ್ಟಿತು. ಲಾಗಿನ್ ಸುಮಾರು ಅರ್ಧ ಸೆಕೆಂಡು ತಡವಾದುದನ್ನು ಗಮನಿಸಿದ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅದನ್ನು ಪತ್ತೆಹಚ್ಚಿದರು. ವಂಚನೆಯ ಮುಖ್ಯ ಕೊಂಡಿಯೊಂದು ಬಿಡುಗಡೆಯ ಕಟ್ಟಿನಲ್ಲಿತ್ತೇ ಹೊರತು ಸಾರ್ವಜನಿಕ ಆಕರದಲ್ಲಿರಲಿಲ್ಲ.

ಎಲ್ಲರೂ ನೋಡಬಹುದು ಎಂದಮಾತ್ರಕ್ಕೆ ಯಾರಾದರೂ ನೋಡುತ್ತಿದ್ದಾರೆ ಎಂದರ್ಥವಲ್ಲ. ಬರೆದವರೇ ಒಪ್ಪಬಾರದು, ಬಿಡುಗಡೆಯ ಕಟ್ಟು ಸಾರ್ವಜನಿಕ ಆಕರದಿಂದಲೇ ಸಿದ್ಧವಾಗಬೇಕು ಎಂಬ ಎರಡು ನಿಯಮಗಳು ಅಗತ್ಯ. ಆದರೆ ಒಬ್ಬರೇ ಇರುವಲ್ಲಿ ಎರಡನೆಯ ರುಜು ಎಲ್ಲಿಂದ ಬರಬೇಕು? ಬಿಡುವಿನ ವೇಳೆಯಲ್ಲಿ ದಣಿಯುತ್ತಿರುವವರ ಮೇಲೆ ನಿಯಮವನ್ನಷ್ಟೇ ಹೇರಿದರೆ, ಅವರು ನೆರವಿಗೆ ಬಂದ ಅಪರಿಚಿತರನ್ನೇ ಮತ್ತೆ ನಂಬಬೇಕಾದೀತು.

ಆದ್ದರಿಂದ ಪರಿಶೀಲನೆಯನ್ನು ಸಂಬಳದ ಕೆಲಸವೆಂದು ಪರಿಗಣಿಸಬೇಕೆಂಬುದು ನನ್ನ ವಾದ. ಇಂಥ ತಂತ್ರಾಂಶವನ್ನು ಪುಕ್ಕಟೆಯಾಗಿ ಬಳಸಿ ಲಾಭ ಗಳಿಸುವ ಕಂಪನಿಗಳು, ಬೆಂಗಳೂರಿನವೂ ಸೇರಿದಂತೆ, ಆ ವೆಚ್ಚದಲ್ಲಿ ಪಾಲು ಹೊರಲಿ. ಅಂದು ಅರ್ಧ ಸೆಕೆಂಡಿನ ವಿಳಂಬ ನಮ್ಮನ್ನು ಕಾಪಾಡಿತು; ಅದೃಷ್ಟವನ್ನು ಕಾವಲಿಗೆ ನೇಮಿಸಲಾಗದು.