ಪುಕ್ಕಟೆ ಕರೆಂಟು, ಸಾಲದ ರಿಪೇರಿ



ಸಾಲ ಯಾಕಾಯಿತು ಎಂದು ಯಾರಾದರೂ ಕೇಳಿದರೆ ನಾವು ಬೀಜ, ಗೊಬ್ಬರ, ಔಷಧಿ, ಮದುವೆ, ಆಸ್ಪತ್ರೆ ಅಂತ ಲೆಕ್ಕ ಒಪ್ಪಿಸುತ್ತೇವೆ. ಬ್ಯಾಂಕಿನವರು ಇದನ್ನೇ ಬರೆದುಕೊಳ್ಳುತ್ತಾರೆ. ಪಟ್ಟಿ ಹಿಡಿದು ಬರುವ ಸಮೀಕ್ಷೆಯ ಹುಡುಗರೂ ಇದನ್ನೇ ಬರೆದುಕೊಂಡು ಹೋಗುತ್ತಾರೆ. ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಕಾಣಿಸದ ಒಂದು ಬಾಬ್ತು ಇದೆ. ಅದು ರಿಪೇರಿ. ಸುಟ್ಟ ಮೋಟಾರು, ಸವೆದ ಬುಶ್ಶು, ಹೋದ ಬೇರಿಂಗು, ಸಿಪ್ಪೆ ಕಿತ್ತ ಕೇಬಲ್ಲು, ಬೋರಿನಿಂದ ಪೈಪು ಎತ್ತಿಸಿದ ಕೂಲಿ. ಒಂದೊಂದೂ ಚಿಲ್ಲರೆ ಖರ್ಚು ಎನ್ನುವ ಹಾಗೆ ಬರುತ್ತದೆ. ವರ್ಷದ ಕೊನೆಗೆ ಕೂಡಿಸಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಬೋರಿನ ಮೋಟಾರು ಸುಟ್ಟರೆ ಏನೇನು ಆಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಪಟ್ಟಣದಲ್ಲಿ ಕೂತು ಈ ಪತ್ರಿಕೆ ಓದುವ ನಿಮ್ಮ ಮಕ್ಕಳಿಗಾಗಿ ಬರೆಯುತ್ತೇನೆ. ಆರುನೂರು ಅಡಿಯಲ್ಲಿ ಇಳಿಬಿಟ್ಟ ಮೋಟಾರು ಮೇಲೆ ಬರಬೇಕಾದರೆ ಇಪ್ಪತ್ತು ಅಡಿಯ ಪೈಪು ಮೂವತ್ತು ಬಿಚ್ಚಬೇಕು. ಅದಕ್ಕೆ ಪೈಪು ಎತ್ತುವ ಗ್ಯಾಂಗು ಬರಬೇಕು. ಅವರು ಇವತ್ತು ಬರುತ್ತೇವೆ ಅಂದರೆ ನಾಡಿದ್ದು ಬಂದಾರು, ಯಾಕೆಂದರೆ ಬೇಸಿಗೆಯಲ್ಲಿ ಎಲ್ಲರ ಮೋಟಾರೂ ಒಟ್ಟಿಗೇ ಸುಡುತ್ತವೆ. ಮೋಟಾರನ್ನು ಹೊತ್ತು ತಾಲ್ಲೂಕಿನ ವೈಂಡಿಂಗ್ ಅಂಗಡಿಗೆ ಹೋದರೆ ಅಲ್ಲಿ ನಿಮ್ಮದಕ್ಕಿಂತ ಮುಂಚೆ ಹತ್ತು ಮೋಟಾರು ಮಲಗಿರುತ್ತವೆ. ಹಳೇ ತಾಮ್ರ ಗುಜರಿ ಲೆಕ್ಕಕ್ಕೆ, ಹೊಸ ತಂತಿ ಕೆ.ಜಿ. ಲೆಕ್ಕಕ್ಕೆ. ತಾಮ್ರದ ದರ ಲಂಡನ್ನಿನ ಲೋಹ ಪೇಟೆಯಲ್ಲಿ ನಿಗದಿಯಾಗುತ್ತದೆ. ನಮ್ಮ ಟೊಮೇಟೊ ದರ ಕೋಲಾರದ ಮಂಡಿಯಲ್ಲಿ ಹರಾಜಿನವನ ಬಾಯಲ್ಲಿ ನಿಗದಿಯಾಗುತ್ತದೆ. ಎರಡು ಕಡೆಯೂ ನಮ್ಮನ್ನು ಕೇಳುವವರಿಲ್ಲ. ಮೋಟಾರು ಕಟ್ಟಿಸಿಕೊಂಡು ಬಂದು, ಮತ್ತೆ ಮೂವತ್ತು ಪೈಪು ಇಳಿಸಿ, ಕೇಬಲ್ ಜಾಯಿಂಟು ಹಾಕಿ, ತ್ರೀ ಫೇಸ್ ಕರೆಂಟು ಬರುವ ಸರದಿಗೆ ಕಾದು ಕೂರುವಷ್ಟರಲ್ಲಿ ಹತ್ತು ದಿನ ಕಳೆದಿರುತ್ತದೆ. ಹೂ ಕಟ್ಟಿದ್ದ ಬೆಳೆ ಹತ್ತು ದಿನ ನೀರಿಲ್ಲದೆ ನಿಲ್ಲುತ್ತದೆಯೇ? ರಿಪೇರಿಯ ಖರ್ಚು ವೈಂಡಿಂಗ್‌ನವನ ಚೀಟಿಯಲ್ಲಿ ಇರುತ್ತದೆ, ಒಣಗಿದ ಬೆಳೆಗೆ ಚೀಟಿ ಬರೆಯುವವರಿಲ್ಲ.

ಮೋಟಾರು ಯಾಕೆ ಸುಡುತ್ತದೆ? ಹಣೆಬರಹ ಅಂತ ನಮ್ಮಲ್ಲಿ ಅನೇಕರು ಹೇಳಿ ಸುಮ್ಮನಾಗುತ್ತಾರೆ. ಹಣೆಬರಹವಲ್ಲ, ವೋಲ್ಟೇಜು. ತ್ರೀ ಫೇಸ್ ಮೋಟಾರಿಗೆ 415 ವೋಲ್ಟ್ ಬರಬೇಕು. ಲೈನಿನ ಕೊನೆಯ ತೋಟಕ್ಕೆ ಅಷ್ಟು ಬರುವುದೇ ಇಲ್ಲ. ಎತ್ತಬೇಕಾದ ನೀರು ಅಷ್ಟೇ, ಆಳ ಅಷ್ಟೇ. ಒತ್ತಡ ಕಡಿಮೆಯಾದಾಗ ಮೋಟಾರು ಹೆಚ್ಚು ಆಂಪಿಯರು ಎಳೆಯುತ್ತದೆ, ಸುರುಳಿ ಕಾಯುತ್ತದೆ, ತಂತಿಯ ಮೇಲಿನ ಹೊದಿಕೆ ಬೆಂದು ಹೋಗುತ್ತದೆ. ಮೂರರಲ್ಲಿ ಒಂದು ಫೇಸು ಹೋದರೆ ಉಳಿದೆರಡರ ಮೇಲೆ ಭಾರ ಬಿದ್ದು ಇನ್ನೂ ಬೇಗ ಸುಡುತ್ತದೆ. ಇದನ್ನು ತಡೆಯಲು ಸ್ಟಾರ್ಟರಿನಲ್ಲಿ ರಿಲೇ ಅಂತ ಒಂದು ಸಾಮಾನು ಇರುತ್ತದೆ. ವೋಲ್ಟೇಜು ಕಡಿಮೆ ಇರುವ ಊರಿನಲ್ಲಿ ಅದು ಪದೇ ಪದೇ ಮೋಟಾರು ನಿಲ್ಲಿಸುವುದರಿಂದ ನಾವೇ ಅದನ್ನು ಕಿತ್ತು ನೇರ ಕೊಡುತ್ತೇವೆ. ಫ್ಯೂಸಿಗೆ ಎಳೆ ತಂತಿ ಬದಲು ದಪ್ಪ ತಂತಿ ಸುತ್ತುತ್ತೇವೆ.

ನಮ್ಮ ಮನೆಯ ಮಾತೂ ಸ್ವಲ್ಪ ಆಡಬೇಕು, ಬೇಜಾರು ಮಾಡಿಕೊಳ್ಳಬೇಡಿ. 25 ಕೆ.ವಿ.ಎ. ಟಿ.ಸಿ. ಐದು ಎಚ್.ಪಿ.ಯ ಮೋಟಾರು ನಾಲ್ಕು, ಹೆಚ್ಚೆಂದರೆ ಐದು ತಡೆಯುತ್ತದೆ. ಅದಕ್ಕೆ ಎಂಟು ಹತ್ತು ಮೋಟಾರು ನೇತು ಹಾಕಿದ್ದೇವೆ. ಎಲ್ಲದಕ್ಕೂ ಆಟೋ ಸ್ಟಾರ್ಟರು ಬೇರೆ. ರಾತ್ರಿ ಎದ್ದು ಹೋಗುವುದು ಯಾರಿಗೆ ಬೇಕು, ಹಾವಿನ ಭಯ, ಕರಡಿಯ ಭಯ, ನಿಜ. ಆದರೆ ಕರೆಂಟು ಬಂದ ಕ್ಷಣದಲ್ಲಿ ಹತ್ತೂ ಮೋಟಾರು ಒಟ್ಟಿಗೇ ಎದ್ದರೆ, ಎದ್ದೇಳುವಾಗ ಒಂದೊಂದು ಮೋಟಾರೂ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಟಿ.ಸಿ. ಹೇಗೆ ಉಳಿಯಬೇಕು? ಪಕ್ಕದವನ ಮೋಟಾರು ನಿಲ್ಲಲಿ, ನನ್ನದು ಓಡಲಿ ಎಂದು ಹೊರಟರೆ ಇಬ್ಬರದೂ ನಿಲ್ಲುತ್ತದೆ. ಕಂಡೆನ್ಸರ್ ಹಾಕಿಸಿ ಎಂದು ಲೈನ್‌ಮನ್ ಹೇಳಿದರೆ ಅವನಿಗೆ ಕಮಿಷನ್ ಇರಬೇಕು ಅಂತ ನಗುತ್ತೇವೆ. ಅದು ಹಾಕಿಸಿದವನ ಲೈನಿನಲ್ಲಿ ವೋಲ್ಟೇಜು ಕೊಂಚವಾದರೂ ಮೇಲೆದ್ದಿರುತ್ತದೆ, ಹೋಗಿ ನೋಡಿ.

ಇಷ್ಟು ಹೇಳಿದ ಮೇಲೆ ಆ ಕಡೆಯವರನ್ನೂ ಕೇಳಬೇಕಲ್ಲ. ಟಿ.ಸಿ. ಸುಟ್ಟರೆ ಹಳ್ಳಿಯಲ್ಲಿ 72 ಗಂಟೆಯೊಳಗೆ, ಪಟ್ಟಣದಲ್ಲಿ 24 ಗಂಟೆಯೊಳಗೆ ಬದಲಿಸಬೇಕು ಎಂಬುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಹಾಕಿಕೊಟ್ಟ ಸೇವಾ ಮಾನದಂಡ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 57ನೇ ಕಲಮಿನಲ್ಲಿ, ಮಾನದಂಡ ತಪ್ಪಿದರೆ ಗ್ರಾಹಕನಿಗೆ ಪರಿಹಾರ ಕೊಡಬೇಕು ಎಂದೂ ಇದೆ. ನಡೆಯುವುದು ಏನು? ಊರಿನವರು ತಲೆಗೆ ಇಷ್ಟು ಎಂದು ಚಂದಾ ಎತ್ತಬೇಕು. ನಮ್ಮ ಟ್ರ್ಯಾಕ್ಟರು, ನಮ್ಮ ಡೀಸೆಲ್ಲು, ನಮ್ಮ ಆಳು. ಸುಟ್ಟ ಟಿ.ಸಿ. ಇಳಿಸಿ ಡಿಪೋಗೆ ಹೊತ್ತು, ಅಲ್ಲಿ ಸ್ಟಾಕ್ ಇಲ್ಲ ಎಂದು ಹೇಳಿಸಿಕೊಂಡು, ಮುಖಂಡನೊಬ್ಬನಿಂದ ಫೋನು ಮಾಡಿಸಿ ತರಬೇಕು. ರಿಪೇರಿಯಾದದ್ದೇ ಆದರೂ ಸರಿ ಎಂದು ತಂದದ್ದು ಹದಿನೈದು ದಿನಕ್ಕೆ ಮತ್ತೆ ಎಣ್ಣೆ ಸೋರುತ್ತದೆ. ಪರಿಹಾರ ತೆಗೆದುಕೊಂಡ ರೈತ ನಿಮ್ಮ ಊರಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ನಮಗೆ ಬರೆಯಿರಿ, ಫೋಟೋ ಹಾಕುತ್ತೇವೆ.

ಇದರ ಬೇರು ಎಲ್ಲಿದೆ ಎಂದರೆ ಅನೇಕರಿಗೆ ರುಚಿಸಲಿಕ್ಕಿಲ್ಲ. 2008ರಿಂದ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಬೆಳೆಗೆ ತಕ್ಕ ಬೆಲೆ ಕೊಡದ ಸರ್ಕಾರ ಕರೆಂಟನ್ನಾದರೂ ಕೊಡಲಿ, ಅದು ಭಿಕ್ಷೆಯಲ್ಲ, ಇದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಬಿಲ್ಲು ಬರುವುದು ನಿಂತ ದಿನವೇ ನಾವು ಗ್ರಾಹಕರಾಗಿರುವುದೂ ನಿಂತಿತು. ವಿದ್ಯುತ್ ಕಂಪನಿಗೆ ಹಣ ಬರುವುದು ವಿಧಾನಸೌಧದಿಂದ, ಅಂದಾಜು ಯೂನಿಟ್ಟಿನ ಮೇಲೆ. ನಮ್ಮ ಟಿ.ಸಿ. ಹತ್ತು ದಿನ ಸತ್ತು ಬಿದ್ದರೆ ಕಂಪನಿಗೆ ನಷ್ಟದ ಬಿಸಿ ತಟ್ಟುವುದಿಲ್ಲ. ಪಟ್ಟಣದ ಅಂಗಡಿ ಸಾಲಿನಲ್ಲಿ ಒಂದು ಗಂಟೆ ಕರೆಂಟು ಹೋದರೆ ಜೀಪು ಓಡುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಯೂನಿಟ್ಟಿಗೆ ಕಾಸಿಲ್ಲ ಸರಿ, ಕೆಟ್ಟ ಕರೆಂಟಿನ ಬೆಲೆಯನ್ನು ನಾವು ವೈಂಡಿಂಗ್ ಅಂಗಡಿಯಲ್ಲಿ ಕಟ್ಟುತ್ತಿದ್ದೇವೆ. ನೀರೆತ್ತುವ ಪಂಪಿನ ಮೇಲಿನ ಜಿ.ಎಸ್.ಟಿ.ಯನ್ನು 2022ರ ಜುಲೈನಲ್ಲಿ ಶೇಕಡ 12ರಿಂದ 18ಕ್ಕೆ ಏರಿಸಿದಾಗ ಈ ಪುಕ್ಕಟೆಯ ಮಾತು ಯಾರಿಗೂ ನೆನಪಾಗಲಿಲ್ಲ.

ಆ ಹಣ ಎಲ್ಲಿಂದ ಬರುತ್ತದೆ? ಮೋಟಾರು ಸುಡುವುದು ಸುಗ್ಗಿಯಲ್ಲಲ್ಲ, ಕೈ ಬರಿದಾದ ಬೇಸಿಗೆಯಲ್ಲಿ. ಹೊಸ ಟ್ರ್ಯಾಕ್ಟರಿಗೆ ಸಾಲ ಕೊಡುತ್ತೇವೆ ಬನ್ನಿ ಎಂದು ಸಂತೆಯಲ್ಲಿ ಮೇಜು ಹಾಕಿ ಕೂರುವವರು ಹಳೇ ಮೋಟಾರು ಕಟ್ಟಿಸಲು ಸಾಲ ಕೊಡುವುದಿಲ್ಲ. ಇಲ್ಲಿ ಒಂದು ವಿಷಯ ಗಮನವಿಟ್ಟು ಓದಿ. ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿ ಲೆಕ್ಕ ಹಾಕುವಾಗ ಬೆಳೆಯ ಸಾಲದ ಪ್ರಮಾಣದ ಮೇಲೆ ಶೇಕಡ 10ರಷ್ಟು ಮನೆ ಖರ್ಚು ಮತ್ತು ಕೊಯ್ಲಿನ ನಂತರದ ಖರ್ಚಿಗೆ, ಶೇಕಡ 20ರಷ್ಟು ಕೃಷಿ ಆಸ್ತಿಗಳ ದುರಸ್ತಿ ಮತ್ತು ನಿರ್ವಹಣೆಗೆ ಸೇರಿಸಬೇಕು ಎಂದು ನಿಯಮವಿದೆ. ಅಂದರೆ ಬೆಳೆ ಸಾಲ 1 ಲಕ್ಷ ಎಂದಾದರೆ ರಿಪೇರಿಗೆ 20 ಸಾವಿರ. ಇದು ನಿಮಗೆ ಯಾರಾದರೂ ಹೇಳಿದ್ದಾರೆಯೇ? ಹೇಳಿರುವುದಿಲ್ಲ. ಕಾರ್ಡು ಎನ್ನುವುದು ಹೆಸರಿಗೆ. ವರ್ಷಕ್ಕೊಮ್ಮೆ ಹಳೇ ಸಾಲ ತೀರಿದಂತೆ, ಹೊಸ ಸಾಲ ಕೊಟ್ಟಂತೆ ಪುಸ್ತಕದಲ್ಲಿ ತಿರುಗಿಸಿ ಬರೆಯುತ್ತಾರೆ. ಮಿತಿಯ ಪೂರಾ ಹಣ ಒಂದೇ ದಿನ ಬಂದು ಒಂದೇ ದಿನ ಹೋಗಿರುತ್ತದೆ. ಬೇಸಿಗೆಯಲ್ಲಿ ಮೋಟಾರು ಸುಟ್ಟಾಗ ಕಾರ್ಡಿನಲ್ಲಿ ಏನೂ ಉಳಿದಿರುವುದಿಲ್ಲ. ಆಗ ನೂರಕ್ಕೆ ಮೂರು, ನೂರಕ್ಕೆ ಐದು ತಿಂಗಳ ಬಡ್ಡಿಗೆ ಕೈಸಾಲ. ಇಲ್ಲವೇ ಹೆಂಗಸರ ಗುಂಪಿನ ಹೆಸರಿನಲ್ಲಿ ಮೈಕ್ರೋ ಫೈನಾನ್ಸಿನ ವಾರದ ಕಂತು. ವಸೂಲಿಯ ಕಾಟ ಮಿತಿ ಮೀರಿ 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆ ಸಾಲಗಳಲ್ಲಿ ಎಷ್ಟು ಪಾಲು ಸುಟ್ಟ ತಾಮ್ರದ್ದು ಎಂದು ಯಾರೂ ವಿಚಾರಿಸಲಿಲ್ಲ.

ಬೆಂಬಲ ಬೆಲೆಯ ಲೆಕ್ಕದಲ್ಲಾದರೂ ಇದು ಸೇರಿದೆಯೇ? 1965ರಲ್ಲಿ ಕೃಷಿ ಬೆಲೆ ಆಯೋಗ ಶುರುವಾಯಿತು. 1985ರಲ್ಲಿ ಅದಕ್ಕೆ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಅಂತ ಹೆಸರಾಯಿತು. ಅವರ ಪಟ್ಟಿಯಲ್ಲಿ ಉಪಕರಣಗಳ ಸವಕಳಿ ಎಂದು ಒಂದು ಸಾಲು ಇದೆ, ನೀರಾವರಿ ಖರ್ಚು ಎಂದು ಇನ್ನೊಂದು. ಸಾವಿರ ಜನರ ಸರಾಸರಿಯಲ್ಲಿ ಒಬ್ಬನ ಸುಟ್ಟ ಮೋಟಾರು ಎಲ್ಲಿ ಕಾಣಬೇಕು? ಸವಕಳಿ ವರ್ಷ ವರ್ಷ ಮೆಲ್ಲಗೆ ಬರುತ್ತದೆ ಎಂದು ಲೆಕ್ಕದವರು ನಂಬಿದ್ದಾರೆ. ಬೋರಿನ ಮೋಟಾರು ಹಾಗೆ ಮೆಲ್ಲಗೆ ಸವೆಯುವುದಿಲ್ಲ, ಒಂದು ರಾತ್ರಿಯಲ್ಲಿ ಹೋಗುತ್ತದೆ.

ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಹಗ್ಗ ಹರಿದರೆ ನಾವೇ ಹೊಸೆಯುತ್ತಿದ್ದೆವು. ಗಾಲಿ ಮುರಿದರೆ ಊರಿನ ಬಡಗಿ, ಅಚ್ಚು ಮುರಿದರೆ ಕಮ್ಮಾರ, ಚರ್ಮದ ಬಾನಿ ಹರಿದರೆ ಹೊಲಿಯುವವನೂ ಊರಿನವನೇ. ಸುಗ್ಗಿಯಲ್ಲಿ ಕಣದಿಂದ ಅವರಿಗೆ ಆಯ. ಆ ಪದ್ಧತಿಯನ್ನು ಹೊಗಳಲು ನಾನು ಹೊರಟಿಲ್ಲ. ಅದರಲ್ಲಿ ಜಾತಿಯ ನೊಗ ಇತ್ತು, ಬಾನಿ ಹೊಲಿದವನನ್ನು ಬಾವಿಯ ಹತ್ತಿರ ಬಿಡದ ಜನ ನಾವು. ಕಪಿಲೆಯಿಂದ ಆರುನೂರು ಅಡಿಯ ನೀರೂ ಬರುವುದಿಲ್ಲ. ಹೇಳುವುದು ಇಷ್ಟೇ: ಅಂದು ಕೆಟ್ಟದ್ದು ಏನು ಎಂದು ಕಣ್ಣಿಗೆ ಕಾಣುತ್ತಿತ್ತು, ಸರಿಮಾಡುವ ಕೈ ಕೂಗಳತೆಯಲ್ಲಿತ್ತು. ಈಗ ವೈಂಡಿಂಗ್ ಅಂಗಡಿಯ ಹುಡುಗನಾದರೂ ತಾಲ್ಲೂಕಿನಲ್ಲಿ ಸಿಗುತ್ತಾನೆ. ಐ.ಟಿ.ಐ. ಓದಿಯೋ ಓದದೆಯೋ ಕೈಯಿಂದ ಕಲಿತವನು, ಬಿಚ್ಚಿದ ಕೂಡಲೇ ವಾಸನೆಯಲ್ಲೇ ರೋಗ ಹೇಳುತ್ತಾನೆ. ಮುಂದೆ ಅವನೂ ಸಿಗದ ಕಾಲ ಬರುತ್ತಿದೆ.

ಯಾಕೆಂದರೆ ಯಂತ್ರದೊಳಗೆ ಈಗ ಕಂಪ್ಯೂಟರು ಬಂದು ಕೂತಿದೆ. ನಮ್ಮ ದೇಶದಲ್ಲಿ 2023ರ ಜನವರಿಯಿಂದ 50 ಎಚ್.ಪಿ. ಮೇಲಿನ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಹೊಸ ನಿಯಮ ಬಂತು. ಅದರೊಂದಿಗೆ ಡೀಸೆಲ್ಲು ಚಿಮ್ಮಿಸುವ ಕೆಲಸ ಎಲೆಕ್ಟ್ರಾನಿಕ್ ಪೆಟ್ಟಿಗೆಯ ಕೈಗೆ ಹೋಯಿತು. ಹೊಗೆ ಕಡಿಮೆಯಾಗಲಿ, ಒಳ್ಳೆಯದೇ. ಆದರೆ ಸೆನ್ಸಾರು ಕೆಟ್ಟರೆ ಸ್ಪ್ಯಾನರು ಹಿಡಿದವನು ಏನು ಮಾಡಿಯಾನು? ಕಂಪನಿಯವನು ಲ್ಯಾಪ್‌ಟಾಪು ತಂದು ಚುಚ್ಚುವ ತನಕ ಕಾಯಬೇಕು. ಅಮೆರಿಕದ ರೈತರು ಈ ಹಾದಿಯಲ್ಲಿ ನಮಗಿಂತ ಮುಂದೆ ಹೋಗಿ ಮುಗ್ಗರಿಸಿದ್ದಾರೆ. ಜಾನ್ ಡಿಯರ್ ಕಂಪನಿ 2015ರಲ್ಲಿ ಅಲ್ಲಿನ ಕೃತಿಸ್ವಾಮ್ಯ ಕಚೇರಿಗೆ ಕೊಟ್ಟ ಹೇಳಿಕೆಯಲ್ಲಿ, ಟ್ರ್ಯಾಕ್ಟರು ಕೊಂಡವನಿಗೆ ಅದರೊಳಗಿನ ಸಾಫ್ಟ್‌ವೇರು ಬಳಸುವ ಪರವಾನಗಿ ಮಾತ್ರ ಇರುತ್ತದೆ ಎಂದು ವಾದಿಸಿತು. ದುಡ್ಡು ಕೊಟ್ಟವನು ಒಡೆಯನಲ್ಲ, ಗೇಣಿದಾರ! ರೈತರು ಬಿಡಲಿಲ್ಲ. 2023ರಲ್ಲಿ ಕೊಲೊರಾಡೊ ರಾಜ್ಯ ಕೃಷಿ ಯಂತ್ರಗಳ ರಿಪೇರಿ ಹಕ್ಕಿನ ಕಾಯ್ದೆ ಮಾಡಿತು, 2024ರ ಜನವರಿಯಿಂದ ಜಾರಿಗೆ ಬಂತು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿತು, ಕೃಷಿ ಉಪಕರಣಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ರೈತನಿಗೆ ಬೇಕಾದದ್ದು ಸಮಿತಿಯಲ್ಲ, ಕಾಯ್ದೆ.

2022ರಲ್ಲಿ ಯುಕ್ರೇನಿನ ಮೆಲಿಟೊಪೋಲ್ ಊರಿನ ಮಳಿಗೆಯಿಂದ ರಷ್ಯದ ಸೈನಿಕರು ಕೊಯ್ಲಿನ ಯಂತ್ರ, ಟ್ರ್ಯಾಕ್ಟರುಗಳನ್ನು ಹೊತ್ತೊಯ್ದರು. ಅವನ್ನು ದೂರದಿಂದಲೇ ಬೀಗ ಹಾಕಿ ನಿಲ್ಲಿಸಲಾಯಿತು. ಕಳ್ಳರಿಗೆ ತಕ್ಕ ಶಾಸ್ತಿ ಎಂದು ಲೋಕವೆಲ್ಲ ಚಪ್ಪಾಳೆ ತಟ್ಟಿತು. ನನಗೆ ಮಾತ್ರ ನಮ್ಮ 1980ರ ದಶಕ ನೆನಪಾಯಿತು. ಸಾಲ ಬಾಕಿಗೆ ಮನೆಯ ಸಾಮಾನು ಜಪ್ತಿ ಮಾಡಲು ಬಂದರೆ ಊರ ಬಾಗಿಲಲ್ಲಿ ನಿಂತು ತಡೆಯುತ್ತಿದ್ದೆವು. ರೈತರ ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದು ಎಂದು ಬೋರ್ಡು ಹಾಕಿದ್ದೆವು. ಕಂತು ತಪ್ಪಿದ ಟ್ರ್ಯಾಕ್ಟರನ್ನು ನಾಳೆ ಯಾವುದೋ ನಗರದಲ್ಲಿ ಕೂತವನು ಗುಂಡಿ ಒತ್ತಿ ನಿಲ್ಲಿಸುವ ಹಾಗಾದರೆ ಬೋರ್ಡು ಎಲ್ಲಿ ನೆಡುವುದು? ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ಅದರಲ್ಲಿ ಇಂಥ ಷರತ್ತು ಇದೆಯೇ ಎಂದು ಓದಿಸಿ ಕೇಳಿ.

ಇದು ಸಣ್ಣ ಯಂತ್ರದ ಕಥೆ ಮಾತ್ರ ಎಂದುಕೊಳ್ಳಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿ ಹೋಯಿತು. 60 ಅಡಿ ಅಗಲ, 20 ಅಡಿ ಎತ್ತರದ 33 ಗೇಟುಗಳಲ್ಲಿ ಅದೊಂದು. ಕಡಿದದ್ದು ಒಂದು ಚೈನು. 1953ರಲ್ಲಿ ಮುಗಿದ ಕಟ್ಟೆ, ತುಂಬಿ ನಿಂತಿತ್ತು. ಕಟ್ಟೆ ಉಳಿಸಿಕೊಳ್ಳಲು ಉಳಿದ ಗೇಟುಗಳನ್ನೂ ತೆರೆದು, ರಾಯಚೂರು, ಕೊಪ್ಪಳ, ಬಳ್ಳಾರಿಯ ಗದ್ದೆಗೆ ಹೋಗಬೇಕಾದ ನೀರನ್ನು ನದಿಗೆ ಬಿಡಬೇಕಾಯಿತು. ಬದಲಿ ಗೇಟು ಸಿದ್ಧವಿರಲಿಲ್ಲ. ನಿವೃತ್ತರಾಗಿದ್ದ ಕನ್ನಯ್ಯ ನಾಯ್ಡು ಅವರನ್ನು ಕರೆಸಿದರು. ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನ ಮೇಲೆ ಜೀವ ಒತ್ತೆಯಿಟ್ಟು ಕಬ್ಬಿಣದ ಹಲಗೆಗಳನ್ನು ಒಂದೊಂದಾಗಿ ಇಳಿಸಿ ಆಗಸ್ಟ್ 17ರ ಹೊತ್ತಿಗೆ ಬಾಯಿ ಮುಚ್ಚಿದರು. ಅವರಿಗೆ ಕೈಮುಗಿಯೋಣ. ಆದರೆ ಲಕ್ಷಾಂತರ ರೈತರ ಬೆಳೆ ಒಬ್ಬ ನಿವೃತ್ತರ ಅನುಭವದ ಮೇಲೆ ನಿಂತದ್ದು ಯಾಕೆ? ಆ ಕೆಲಸ ಕಲಿತ ಎಳೆಯ ಇಂಜಿನಿಯರುಗಳು ಇಲಾಖೆಯಲ್ಲಿ ಎಷ್ಟಿದ್ದಾರೆ? ಹೊಸ ಯೋಜನೆಗೆ ಶಂಕುಸ್ಥಾಪನೆಯಿದೆ, ಕಲ್ಲಿನ ಮೇಲೆ ಮಂತ್ರಿಯ ಹೆಸರಿದೆ. ಚೈನಿಗೆ ಗ್ರೀಸು ಹಚ್ಚಿದ್ದಕ್ಕೆ ಯಾರ ಹೆಸರು ಕೆತ್ತುತ್ತಾರೆ? 2025ರ ಮಳೆಗಾಲದಲ್ಲಿ ಗೇಟುಗಳ ದುರ್ಬಲ ಸ್ಥಿತಿ ನೋಡಿ 80 ಟಿ.ಎಂ.ಸಿ.ಗಿಂತ ಹೆಚ್ಚು ನಿಲ್ಲಿಸದಿರಲು ತೀರ್ಮಾನಿಸಿದರು. ಗೇಟು ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಎಂದರು. ಎಪ್ಪತ್ತು ವರ್ಷದ ಉಪೇಕ್ಷೆಯ ಬಿಲ್ಲು ಬಂದದ್ದು ಭತ್ತದ ಗದ್ದೆಗೆ.

ಸಂಘದ ತಾಲ್ಲೂಕು ಘಟಕಗಳು ಈಗ ಮಾಡಬೇಕಾದ ಕೆಲಸವಿದೆ. ಟಿ.ಸಿ. ಸುಟ್ಟ ದಿನವೇ 1912ಕ್ಕೆ ಫೋನು ಮಾಡಿ ದೂರಿನ ನಂಬರು ಪಡೆಯಿರಿ, ಗಂಟೆ ಬರೆದಿಡಿ. 72 ಗಂಟೆ ದಾಟಿದರೆ 57ನೇ ಕಲಮಿನ ಕೆಳಗೆ ಪರಿಹಾರ ಕೇಳಿ ಬರವಣಿಗೆಯಲ್ಲಿ ಅರ್ಜಿ ಕೊಡಿ, ಸ್ವೀಕೃತಿಯ ಸಹಿ ಇಲ್ಲದೆ ಕಚೇರಿಯಿಂದ ಏಳಬೇಡಿ. ಟ್ರ್ಯಾಕ್ಟರಿನ ಬಾಡಿಗೆಯನ್ನೂ ಅದರಲ್ಲಿ ಬರೆಯಿರಿ. ಬ್ಯಾಂಕಿಗೆ ಹೋದಾಗ ಕಾರ್ಡಿನ ಮಿತಿಯಲ್ಲಿ ದುರಸ್ತಿಯ ಶೇಕಡ 20 ಎಲ್ಲಿದೆ ತೋರಿಸಿ ಎಂದು ಕೇಳಿ, ಆ ಭಾಗವನ್ನು ಬೇರೆಯಾಗಿ, ಬೇಕಾದಾಗ ತೆಗೆಯುವ ಹಾಗೆ ಇಡಿಸಿಕೊಳ್ಳಿ. ವೈಂಡಿಂಗ್ ಅಂಗಡಿಯ ಚೀಟಿ, ಪೈಪು ಎತ್ತಿದವರ ಕೂಲಿ, ಅದಕ್ಕೆ ತಂದ ಸಾಲ ಮತ್ತು ಬಡ್ಡಿಯ ದರ, ನೀರಿಲ್ಲದೆ ಕಳೆದ ದಿನಗಳು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಪಕ್ಕಾ ರಸೀದಿ ಇಲ್ಲದಿದ್ದರೆ ಬಿಳಿ ಚೀಟಿಯಾದರೂ ಸರಿ. ತಾಲ್ಲೂಕುವಾರು ಕೂಡಿಸಿ, ಬೆಲೆ ಆಯೋಗಕ್ಕೂ ವಿದ್ಯುತ್ ಆಯೋಗಕ್ಕೂ ಒಂದೇ ಕಟ್ಟಿನಲ್ಲಿ ಒಪ್ಪಿಸುತ್ತೇವೆ.