ಪೇರಿಣಿ ಯಾರ ಸ್ವತ್ತು?

"ರಾಜ್ಯೋತ್ಸವದ ವೇದಿಕೆ ಮೇಲೆ ತೆಲುಗರ ಕುಣಿತ ಯಾಕ್ರೀ?" ಇಲ್ಲಿ ಹೈದರಾಬಾದಿನಲ್ಲಿ ನಮ್ಮ ಹುಡುಗರು ಪೇರಿಣಿ ಕುಣೀತೀವಿ ಅಂದಾಗ ಕನ್ನಡದ ಹಿರಿಯರೊಬ್ಬರು ಕೇಳಿದ್ದು. ಮೂವತ್ತು ವರ್ಷ ಈ ಊರಿನ ನೀರು ಕುಡಿದ ನನಗೆ ಈ ಬೇಲಿ ಅರ್ಥವಾಗೋದಿಲ್ಲ.

ಸಾವಿರ ವರ್ಷದಿಂದ ಕುಣಿಯುತ್ತಲೇ ಬಂದಿದ್ದಾರೆ ಅನ್ನೋ ಮೈಕಿನ ಮಾತನ್ನೂ ನಾನು ಒಪ್ಪೋದಿಲ್ಲ. ನಡುವೆ ಅದು ಕಳೆದೇ ಹೋಗಿತ್ತು. ಕಾಕತೀಯ ಗಣಪತಿದೇವನ ಆನೆಪಡೆಯ ದಂಡನಾಯಕ ಜಾಯಪ 1253-54ರಲ್ಲಿ ಬರೆದ 'ನೃತ್ತರತ್ನಾವಳಿ'ಯನ್ನೂ ರಾಮಪ್ಪ ಗುಡಿಯ ಶಿಲ್ಪಗಳನ್ನೂ ಮುಂದಿಟ್ಟುಕೊಂಡು ನಟರಾಜ ರಾಮಕೃಷ್ಣ ಕಳೆದ ಶತಮಾನದಲ್ಲಿ ಮತ್ತೆ ಕಟ್ಟಿದರು. ಕಲ್ಲಿನಲ್ಲಿ ಭಂಗಿ ಇರುತ್ತೆ, ಚಲನೆ ಇರೋದಿಲ್ಲ ನೋಡಿ. ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗೋ ದಾರಿಯನ್ನು ಅವರೇ ಹುಡುಕಬೇಕಿತ್ತು. ನನಗೆ ಅದೇ ದೊಡ್ಡ ಸಾಹಸ.

ಇನ್ನು ತೆಲುಗರದ್ದು ಮಾತ್ರ ಅನ್ನೋದು. ದೇವಗಿರಿಯ ಸೇವುಣರ ಆಸ್ಥಾನದ ಶಾರ್ಙ್ಗದೇವನೂ ಅದೇ ಶತಮಾನದಲ್ಲಿ 'ಸಂಗೀತರತ್ನಾಕರ'ದಲ್ಲಿ ಪೇರಣಿಯನ್ನು ವರ್ಣಿಸಿದ್ದಾನೆ: ಮೈಗೆ ಬೂದಿಯ ಬಿಳುಪು, ಕಾಲಿಗೆ ಗೆಜ್ಜೆ. ಆ ಸೇವುಣರ ಶಾಸನಗಳಲ್ಲಿ ಕನ್ನಡ ಧಾರಾಳವಾಗಿದೆ, ಸ್ವಾಮಿ! ಅದಕ್ಕೂ ನೂರು ವರ್ಷ ಹಿಂದೆ ಕಲ್ಯಾಣದ ಚಾಲುಕ್ಯ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ನೃತ್ಯದ ಬಗ್ಗೆ ಬರೆದಿದ್ದ. ಆ ಕಲ್ಯಾಣವೂ 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇತ್ತಲ್ಲ.

ಡೊಳ್ಳೂ ಇರಲಿ, ಪೇರಿಣಿಯೂ ಇರಲಿ. ನಿರೂಪಕರು ಮಾತ್ರ ದಯವಿಟ್ಟು ರಾಮಕೃಷ್ಣರ ಹೆಸರು ಹೇಳಲಿ.