ಬೆನ್ನು ಬಾಗಿದ ಮಗುವನ್ನು ಗದರುವ ಮುನ್ನ

ಭಾನುವಾರದ ಬಲಿಪೂಜೆಯಲ್ಲಿ ಎಲ್ಲರೂ ಮೊಣಕಾಲೂರಿರುವಾಗ ಒಂದು ಮಗು ಮಾತ್ರ ಬೆಂಚಿಗೆ ಒರಗಿ ಕುಳಿತಿರುತ್ತದೆ. ಪಕ್ಕದಲ್ಲಿರುವ ತಾಯಿ ಕಣ್ಣಿನಲ್ಲೇ ಗದರುತ್ತಾಳೆ. ಹಿಂದಿನ ಸಾಲಿನಲ್ಲಿರುವ ನಾವು ‘ಈಗಿನ ಮಕ್ಕಳಿಗೆ ಶಿಸ್ತೆಂಬುದೇ ಇಲ್ಲ’ ಎಂದು ಮನದಲ್ಲೇ ತೀರ್ಪಿತ್ತು ಮುಗಿಸುತ್ತೇವೆ. ಆ ಮಗು ವರ್ಷಗಟ್ಟಲೆ ಔಷಧ ಸೇವಿಸುತ್ತಿರುವ ಮಗುವಾಗಿದ್ದರೆ ನಮ್ಮ ತೀರ್ಪು ತಪ್ಪಾಗಿರುವ ಸಂಭವ ಬಹಳವಿದೆ. ಅದರ ಬೆನ್ನೆಲುಬಿನ ಮಣಿಯೊಂದು ಸದ್ದಿಲ್ಲದೆ ಕುಸಿದಿರಬಹುದು.

ಮೂಳೆ ಮುರಿತವೆಂದರೆ ಮರದಿಂದ ಬಿದ್ದು ಕೈ ಮುರಿದುಕೊಳ್ಳುವುದು, ಸೈಕಲ್ಲಿನಿಂದ ಉರುಳಿ ಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳುವುದು ಎಂಬಷ್ಟೇ ನಮ್ಮ ತಿಳಿವಳಿಕೆ. ಬೆನ್ನುಮೂಳೆಯ ಮುರಿತವಂತೂ ಮುದುಕರ ಪಾಡು ಎಂದೇ ನಂಬಿದ್ದೇವೆ. ಆದರೆ ದೀರ್ಘಕಾಲದ ರೋಗದಿಂದ ಬಳಲುವ ಮಕ್ಕಳಲ್ಲಿ ಬೀಳದೆ, ಏಟು ತಗಲದೆ, ಕೆಲವೊಮ್ಮೆ ನೋವೂ ಇಲ್ಲದೆ ಬೆನ್ನಿನ ಮಣಿಗಳು ಒತ್ತಿ ಚಪ್ಪಟೆಯಾಗುವುದುಂಟು.

ಹೀಗಾಗಲು ಕಾರಣಗಳು ಎರಡು. ಮೊದಲನೆಯದು ರೋಗವೇ. ರಕ್ತದ ಕ್ಯಾನ್ಸರ್ ಮೂಳೆಯ ಮಜ್ಜೆಯಲ್ಲಿ ನೆಲೆಸುತ್ತದೆ. ಮಕ್ಕಳ ಸಂಧಿವಾತದ ಉರಿಯೂತ ಎಲುಬನ್ನು ಸವೆಸುತ್ತದೆ. ಸ್ನಾಯುಕ್ಷಯವುಳ್ಳ ಮಗು ಓಡಾಡದ ಕಾರಣ ಅದರ ಮೂಳೆ ಗಟ್ಟಿಯಾಗುವುದಿಲ್ಲ. ಎರಡನೆಯದು ಜೀವ ಉಳಿಸುವ ಔಷಧವಾದ ಸ್ಟೀರಾಯ್ಡ್. ಮೂತ್ರದಲ್ಲಿ ಪ್ರೋಟೀನು ಸೋರಿ ಮುಖ, ಕಾಲು ಊದಿಕೊಳ್ಳುವ ನೆಫ್ರೋಟಿಕ್ ಸಿಂಡ್ರೋಮ್ ಎಂಬ ಮೂತ್ರಪಿಂಡದ ಕಾಯಿಲೆಗೆ ಪ್ರೆಡ್ನಿಸೋಲೋನ್ ಮಾತ್ರೆಯೇ ಮುಖ್ಯ ಚಿಕಿತ್ಸೆ. ಮೊದಲ ಸಲವೇ ಸಾಮಾನ್ಯವಾಗಿ 12 ವಾರಗಳ ಕಾಲ ಕೊಡಬೇಕಾಗುತ್ತದೆ. ಕಾಯಿಲೆ ಮರುಕಳಿಸಿದಂತೆಲ್ಲ ಮಾತ್ರೆಯೂ ಮರಳಿ ಬರುತ್ತದೆ. ಈ ಔಷಧವು ಮೂಳೆ ಕಟ್ಟುವ ಕಣಗಳನ್ನು ಕುಗ್ಗಿಸುತ್ತದೆ. ಕರುಳು ಸುಣ್ಣದ ಅಂಶವನ್ನು ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ಬೆನ್ನಿನ ಮಣಿಯ ಒಳಭಾಗ ಜೇನುಗೂಡಿನಂತೆ ಟೊಳ್ಳಾಗಿರುವುದರಿಂದ ಈ ನಷ್ಟದ ಪೆಟ್ಟು ಮೊದಲು ಬೀಳುವುದು ಅಲ್ಲಿಗೇ.

ಕೆನಡಾದೇಶದ ಹಲವು ಮಕ್ಕಳ ಆಸ್ಪತ್ರೆಗಳು ಕೂಡಿ ಈ ವಿಷಯವನ್ನು ವರ್ಷಗಳ ಕಾಲ ಅಧ್ಯಯನ ಮಾಡಿವೆ. ರಕ್ತದ ಕ್ಯಾನ್ಸರ್ ಪತ್ತೆಯಾದ ಹೊತ್ತಿನಲ್ಲೇ ಶೇ. 16ರಷ್ಟು ಮಕ್ಕಳ ಬೆನ್ನಿನ ಮಣಿ ಕುಸಿದಿತ್ತು. ಸ್ಟೀರಾಯ್ಡ್ ಆರಂಭವಾದ ಮೊದಲ ತಿಂಗಳ ಆಸುಪಾಸಿನಲ್ಲೇ ಸಂಧಿವಾತದಂತಹ ರೋಗಗಳ ಮಕ್ಕಳಲ್ಲಿ ಶೇ. 7ರಷ್ಟು, ನೆಫ್ರೋಟಿಕ್ ಸಿಂಡ್ರೋಮ್ ಇದ್ದವರಲ್ಲಿ ಶೇ. 8ರಷ್ಟು ಮಂದಿಯಲ್ಲಿ ಇದು ಕಂಡುಬಂತು. ಚಿಕಿತ್ಸೆಯ ಮೊದಲ ವರ್ಷದಲ್ಲೇ ಅಪಾಯ ಹೆಚ್ಚು. ಹೀಗೆ ಮುರಿತಕ್ಕೊಳಗಾದ ಅನೇಕ ಮಕ್ಕಳು ಬೆನ್ನುನೋವೆಂದು ಹೇಳಿರಲೇ ಇಲ್ಲ. ಆದುದರಿಂದ ‘ನೋವಿಲ್ಲ, ಹಾಗಾಗಿ ತೊಂದರೆಯಿಲ್ಲ’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹುಡುಕಿದರೆ ಮಾತ್ರ ಸಿಗುವ ಮುರಿತವಿದು.

ಹುಡುಕುವುದು ಹೇಗೆ? ಇಲ್ಲಿಯೇ ನಮಗೆ ಸಮಾಧಾನದ ಸಂಗತಿಯೊಂದಿದೆ. ಭಟ್ಕಳ, ಹೊನ್ನಾವರ, ಕುಮಟಾ ಜನರಿಗೆ ದೊಡ್ಡ ಆಸ್ಪತ್ರೆಯೆಂದರೆ ದೂರದ ಪ್ರಯಾಣವೆಂದೇ ಅರ್ಥ. ಕುಮಟಾದಿಂದ ಮಣಿಪಾಲಕ್ಕೆ ನೂರೈವತ್ತು ಕಿಲೋಮೀಟರು ಸಮೀಪವಾಗುತ್ತದೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಅಸುನೀಗಿದ್ದನ್ನು ನಮ್ಮ ಜನ ಮರೆತಿಲ್ಲ. ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಗ ಮನೆಮನೆಯಿಂದ ಎದ್ದಿತ್ತು. ಆ ಕೂಗು ನ್ಯಾಯವಾದುದು. ಆದರೆ ಬೆನ್ನಿನ ಮಣಿಯ ಕುಸಿತವನ್ನು ಗುರುತಿಸಲು ನಾವು ಆ ಆಸ್ಪತ್ರೆಗಾಗಿ ಕಾಯಬೇಕಾಗಿಲ್ಲ. ಮಗುವನ್ನು ಪಕ್ಕಕ್ಕೆ ಮಲಗಿಸಿ ತೆಗೆದ ಬೆನ್ನಿನ ಒಂದು ಎಕ್ಸ್‌ರೇ ಸಾಕು. ಅದನ್ನು ನಮ್ಮ ತಾಲೂಕು ಕೇಂದ್ರಗಳಲ್ಲಿಯೇ ತೆಗೆಯಿಸಬಹುದು. ದೂರ ಹೋಗಬೇಕಾದದ್ದು ಚಿತ್ರದಲ್ಲಿ ದೋಷ ಕಂಡಾಗ ಮಾತ್ರ.

ಆ ಚಿತ್ರವನ್ನು ಓದುವ ಕ್ರಮವೂ ಇಂದು ಸ್ಪಷ್ಟವಾಗಿದೆ. ಮಣಿಯ ಎತ್ತರ ಶೇ. 20ರಿಂದ 25ರಷ್ಟು ತಗ್ಗಿದ್ದರೆ ಸೌಮ್ಯ, ಶೇ. 40ರವರೆಗೆ ಮಧ್ಯಮ, ಅದಕ್ಕೂ ಮೀರಿದರೆ ತೀವ್ರವೆಂದು 1993ರಿಂದ ಬಳಕೆಯಲ್ಲಿರುವ ಗೆನಾಂಟ್ ಪದ್ಧತಿ ಹೇಳುತ್ತದೆ. ಭಾರೀ ಅಪಘಾತವಾಗಲಿ, ಆ ಮಣಿಗಷ್ಟೇ ಸೀಮಿತವಾದ ಬೇರೆ ರೋಗವಾಗಲಿ ಇಲ್ಲದೆ ಮಗುವಿನ ಒಂದೇ ಒಂದು ಮಣಿ ಕುಸಿದಿದ್ದರೂ ಅದನ್ನು ಮೂಳೆಸವೆತವೆಂದೇ ಪರಿಗಣಿಸಬೇಕೆಂದು 2013ರ ಅಂತರರಾಷ್ಟ್ರೀಯ ನಿಲುವು ತಿಳಿಸುತ್ತದೆ. ಮೂಳೆಸಾಂದ್ರತೆಯ ದುಬಾರಿ ಪರೀಕ್ಷೆಯ ಅಂಕಿಗಾಗಿ ಕಾಯಬೇಕಾಗಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು. ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಸ್ಟೀರಾಯ್ಡ್ ಮಾತ್ರೆ ಸೇವಿಸಬೇಕಾದ ಮಗುವಿನ ತಂದೆತಾಯಂದಿರು ‘ಡಾಕ್ಟರೇ, ಇವನ ಬೆನ್ನಿನ ಎಕ್ಸ್‌ರೇ ಯಾವಾಗ ತೆಗೆಯಿಸೋಣ?’ ಎಂದು ಕೇಳಲೇಬೇಕು. ಆರಂಭದಲ್ಲೊಮ್ಮೆ, ವರ್ಷ ತುಂಬಿದಾಗ ಇನ್ನೊಮ್ಮೆ ನೋಡುವುದು ವಿವೇಕ. ಹಾಗೆ ಕೇಳಿದರೆ ವೈದ್ಯರಿಗೆ ಅಗೌರವವಾದೀತೆಂಬ ಅಂಜಿಕೆ ನಮ್ಮಲ್ಲಿ ಅನೇಕರಿಗಿದೆ. ಮಗುವಿನ ಹಿತಕ್ಕಾಗಿ ಕೇಳಿದ ಪ್ರಶ್ನೆಯಿಂದ ಯಾವ ಒಳ್ಳೆಯ ವೈದ್ಯನೂ ನೊಂದುಕೊಳ್ಳುವುದಿಲ್ಲ. ಎಕ್ಸ್‌ರೇ ಕಿರಣದ ಭಯವೂ ಕೆಲವರಿಗುಂಟು. ಆರೋಗ್ಯವಂತ ಮಕ್ಕಳಿಗೆಲ್ಲ ಈ ಪರೀಕ್ಷೆ ಬೇಡ. ಅಪಾಯವಿರುವ ಮಗುವಿಗೆ ವೈದ್ಯರ ಸಲಹೆಯಂತೆ ತೆಗೆಯಿಸುವ ಚಿತ್ರದಿಂದ ನಷ್ಟಕ್ಕಿಂತ ಲಾಭವೇ ಹೆಚ್ಚು.

ಮನೆಯವರು ಗಮನಿಸಬೇಕಾದ ಲಕ್ಷಣಗಳೂ ಇವೆ. ಆಡುತ್ತಿದ್ದ ಮಗು ಆಟ ಬಿಡುವುದು, ಹಾಸಿಗೆಯಿಂದೇಳುವಾಗ ಮುಖ ಹಿಂಡುವುದು, ಶಾಲೆಯ ಚೀಲ ಹೊರಲು ಒಲ್ಲೆನೆನ್ನುವುದು, ಬೆನ್ನು ಮುಂದಕ್ಕೆ ಬಾಗುವುದು, ಎತ್ತರ ಹೆಚ್ಚದಿರುವುದು ಅಥವಾ ತಗ್ಗಿದಂತೆ ಕಾಣುವುದು. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಸೀಸದ ಕಡ್ಡಿಯಿಂದ ಗುರುತು ಹಾಕಿ ಪಕ್ಕದಲ್ಲಿ ತಾರೀಕು ಬರೆದಿಟ್ಟರೆ ಅದೇ ಒಂದು ದಾಖಲೆ. ಕಾಲುಗಳಲ್ಲಿ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ಬೆನ್ನುನೋವಿನೊಡನೆ ಬಿಡದ ಜ್ವರ, ತೂಕನಷ್ಟವಿದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು. ಅದರ ತಪಾಸಣೆಯೂ ಅಗತ್ಯ.

ಮಾಡಬಾರದ ಕೆಲಸಗಳು ಮೂರು. ಮೊದಲನೆಯದಾಗಿ, ಹೆದರಿ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸಕೂಡದು. ಬಹುಕಾಲ ಸೇವಿಸಿದ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಪ್ರಾಣಕ್ಕೇ ಕುತ್ತು ಬರಬಹುದು. ಉಬ್ಬಸದ ಮಕ್ಕಳು ಬಾಯಿಗೆ ಸೇದಿಕೊಳ್ಳುವ ಔಷಧದ ಪ್ರಮಾಣ ತೀರ ಅಲ್ಪ. ಅದನ್ನೂ ಈ ಭಯದಿಂದ ಬಿಡಿಸಬಾರದು. ಎರಡನೆಯದಾಗಿ, ಎಣ್ಣೆ ಹಚ್ಚಿ ಬೆನ್ನು ನೀವಿಸಿ, ಎಳೆದು, ಮುರಿಸಬಾರದು. ಮೂರನೆಯದಾಗಿ, ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತಾವೇ ಮಾತ್ರೆ ತಂದು ಕೊಡಬಾರದು.

ಬೇಗ ಗುರುತಿಸಿದರೆ ಫಲವುಂಟು. ಬೆಳೆಯುವ ಮಗುವಿನ ಮೂಳೆಗೆ ಭಗವಂತ ವಿಶೇಷ ಶಕ್ತಿಯಿತ್ತಿದ್ದಾನೆ. ರೋಗ ಹತೋಟಿಗೆ ಬಂದು, ಬೆಳವಣಿಗೆಗೆ ಇನ್ನೂ ವರ್ಷಗಳುಳಿದಿದ್ದರೆ ಕುಸಿದ ಮಣಿ ಮತ್ತೆ ಆಕಾರ ಪಡೆಯಬಲ್ಲದು. ಹದಿಹರೆಯ ದಾಟಿದ ಮೇಲೆ ಆ ಅವಕಾಶ ಕೈತಪ್ಪುತ್ತದೆ. ಅಗತ್ಯವಿದ್ದವರಿಗೆ ತಜ್ಞರು ಪ್ಯಾಮಿಡ್ರೋನೇಟ್, ಝೋಲೆಡ್ರೋನೇಟ್‌ನಂತಹ ಔಷಧವನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಹಾಲು, ರಾಗಿ, ಮುಳ್ಳಿನೊಡನೆ ತಿನ್ನಬಹುದಾದ ಸಣ್ಣ ಮೀನು, ಎಳೆಬಿಸಿಲು ಎಲ್ಲವೂ ಸಹಕಾರಿ. ಆದರೆ ಮೈ ಊದಿರುವ ಮಗುವಿಗೆ ಉಪ್ಪು ಮಿತವಾಗಿರಬೇಕಾದುದರಿಂದ ಒಣಮೀನು, ಉಪ್ಪಿನಕಾಯಿ ಬೇಡ.

ಇದು ಒಂದು ಮನೆಯ ಹೊಣೆ ಮಾತ್ರವೇ? ನಮ್ಮ ಅನೇಕ ಮನೆಗಳಲ್ಲಿ ತಂದೆ ಕೊಲ್ಲಿ ರಾಷ್ಟ್ರದಲ್ಲೋ ಮುಂಬಯಿಯಲ್ಲೋ ದುಡಿಯುತ್ತಿರುತ್ತಾನೆ. ಫೈಲು ಹಿಡಿದು ಬಸ್ಸು ಹತ್ತುವವಳು ತಾಯಿಯೊಬ್ಬಳೇ. ಅವಳೊಡನೆ ಒಂದು ದಿನ ಹೋಗಿಬರುವವರು ಧರ್ಮಕೇಂದ್ರದಲ್ಲಿ ಸಿಗಲಾರರೇ? ಜಗತ್ತಿನಾದ್ಯಂತ ಧರ್ಮಸಭೆಯು 1993ರಿಂದ ಫೆಬ್ರವರಿ 11ನ್ನು ರೋಗಿಗಳ ದಿನವನ್ನಾಗಿ ಆಚರಿಸುತ್ತ ಬಂದಿದೆ. ಅಂದು ರೋಗಿಗಳಿಗೆ ಹಣ್ಣು ಹಂಚುವುದರ ಜೊತೆಗೆ, ದೀರ್ಘ ಚಿಕಿತ್ಸೆಯಲ್ಲಿರುವ ಮಕ್ಕಳ ಮನೆಗೆ ಹೋಗಿ ಎತ್ತರ ಅಳೆದು, ಎಕ್ಸ್‌ರೇ ಆಗಿದೆಯೇ ಎಂದು ವಿಚಾರಿಸಿ, ಆಗದಿದ್ದರೆ ಖರ್ಚು ವಹಿಸಿದರೆ ಅದು ಬಹುಕಾಲ ಉಳಿಯುವ ಸೇವೆಯಾದೀತು. ಶಿಕ್ಷಕರಿಗೂ ಒಂದು ಮಾತು. ಶಾಲಾಚೀಲ ಮಗುವಿನ ತೂಕದ ಶೇ. 10ನ್ನು ಮೀರಬಾರದೆಂದು ರಾಜ್ಯ ಸರಕಾರ 2019ರಲ್ಲೇ ಆದೇಶಿಸಿದೆ. ಕಾಯಿಲೆಯ ಮಗುವಿಗೆ ಆ ಭಾರವೂ ಬೇಡ. ಪುಸ್ತಕಗಳನ್ನು ತರಗತಿಯಲ್ಲೇ ಇಡಲು ಬಿಡಿ.

ಇನ್ನು ಇಗರ್ಜಿಯ ಆ ಮಗು. ಮುಂದಿನ ಭಾನುವಾರ ಅದು ಮತ್ತೆ ಬೆಂಚಿಗೆ ಒರಗಿದರೆ ನಾವು ಗದರದಿರೋಣ. ಪೂಜೆ ಮುಗಿದ ಬಳಿಕ ಅದರ ಬಳಿ ಬಾಗಿ, ‘ಮಗೂ, ಬೆನ್ನು ನೋಯುತ್ತದೆಯೇ?’ ಎಂದು ಕೇಳೋಣ. ‘ಇಲ್ಲ’ ಎಂದರೂ ತಾಯಿಯ ಕಿವಿಯಲ್ಲಿ ಎಕ್ಸ್‌ರೇಯ ಮಾತು ಹೇಳಿ ಬರೋಣ.